ಆರನೇ ವರ್ಷಕ್ಕೆ ಹೆತ್ತ ನಮ್ಮಜ್ಜಿ

ನಮ್ಮಜ್ಜಿ ಆರು ವರ್ಷದವಳಿದ್ದಾಗ ನಮ್ಮ ದೊಡ್ಡಪ್ಪನನ್ನ ಹೆತ್ತಿದ್ದಾಳೆ. ಇದು ನಾನು ಹೇಳ್ತಿರೋದಲ್ಲ, ಕಾಗದ ಹೇಳ್ತಿರೋದು. ಅಜ್ಜಿ ಆಧಾರ್ ಕಾರ್ಡಲ್ಲಿ ಹುಟ್ಟಿದ ದಿನ 01-01-1940. ದೊಡ್ಡಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 01-06-1946. ಇಷ್ಟು ವರ್ಷ ಒಂದು ಕಾಗದ ಊರಲ್ಲಿ ಅಜ್ಜಿ ಟ್ರಂಕಲ್ಲಿತ್ತು, ಇನ್ನೊಂದು ಹಾಸನದಲ್ಲಿ ದೊಡ್ಡಪ್ಪನ ಬೀರುವಿನಲ್ಲಿತ್ತು, ಎರಡೂ ಒಂದರ ಮುಖ ಒಂದು ನೋಡಿರಲಿಲ್ಲ, ಎಲ್ಲರೂ ನೆಮ್ಮದಿಯಾಗಿದ್ವಿ.

ಅಜ್ಜಿ ಹೋದ ವರ್ಷ ಕಾರ್ತೀಕದಲ್ಲಿ ತೀರ್ಕೊಂಡ್ಳು. ಅವಳ ಹೆಸರಲ್ಲಿ ಹೊಳೆ ಕಡೆ ಒಂದೆಕರೆ ಚಿಲ್ಲರೆ ಹೊಲ ಇದೆ. ಅದನ್ನ ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಿಸ್ಬೇಕು. ಮಾಡಿಸಿದೋರಿಗೆ ಗೊತ್ತಿರತ್ತೆ, ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಪಹಣಿ ಬೇಕು, ಎಲ್ಲರ ಆಧಾರ್ ಜೆರಾಕ್ಸ್ ಬೇಕು, ಇವೆಲ್ಲದರ ಜೊತೆಗೆ ಅಲೆಯೋಕೆ ಒಬ್ಬ ಮೊಮ್ಮಗ ಬೇಕು. ನಾನು ವರ್ಕ್ ಫ್ರಮ್ ಹೋಮ್. ನಮ್ಮ ಮನೆ ಲೆಕ್ಕದಲ್ಲಿ ಅದು ಕೆಲಸ ಕಳ್ಕೊಂಡಿರೋದಕ್ಕೆ ಮರ್ಯಾದಸ್ತರು ಇಟ್ಟ ಹೆಸರು. "ಅವ್ನು ಮನೇಲೇ ಇರ್ತಾನಲ್ಲ, ಅವ್ನು ಹೋಗ್ಲಿ ಬಿಡು" ಅಂತ ದೊಡ್ಡಪ್ಪ ಅಂದ್ರು, ಚಿಕ್ಕಪ್ಪ ಹೂಂ ಅಂದ್ರು, ಜನ್ಮದಲ್ಲಿ ಅವರಿಬ್ಬರೂ ಒಪ್ಪಿದ ಒಂದೇ ವಿಷಯ ಅದು.

ಮೊನ್ನೆ ಆ ಕಚೇರಿ ಟೇಬಲ್ ಮುಂದೆ ನಿಂತಿದ್ದೆ. ಅಲ್ಲಿದ್ದ ಮನುಷ್ಯ ಕನ್ನಡಕ ಹಣೆಗೇರಿಸಿ ಒಂದು ಕಾಗದ ನೋಡಿದ್ರು, ಇಳಿಸಿ ಇನ್ನೊಂದು ನೋಡಿದ್ರು, ಬೆರಳು ಮಡಚಿ ಎಣಿಸಿದ್ರು, ಇನ್ನೊಂದು ಕೈ ಬೇಕಾಯ್ತು, ಆದರೆ ಒಂದೇ ಬೆರಳು ಸಾಕಾಯ್ತು. ಆಮೇಲೆ ಪಕ್ಕದ ಟೇಬಲ್ಲಿನೋರನ್ನ ಕರೆದ್ರು. ಅವರು ಬಂದು ಎಣಿಸಿದ್ರು. ಅವರಿಗೂ ಆರೇ ಬಂತು. ಇಡೀ ಕಚೇರೀಲಿ ಒಂದು ಲೆಕ್ಕ ಇಬ್ಬರಿಗೂ ಒಂದೇ ಥರ ಬಂದಿದ್ದನ್ನ ನಾನು ನೋಡಿದ್ದು ಅವತ್ತೇ.

"ಏನ್ರೀ ಇದು, ನಿಮ್ಮಜ್ಜಿ ಆರನೇ ವರ್ಷಕ್ಕೇ ಹೆತ್ತಿದ್ದಾರಾ?"

ಕ್ಯೂನಲ್ಲಿದ್ದೋರೆಲ್ಲ ನನ್ನ ಕಡೆ ತಿರುಗಿದ್ರು. ಅಜ್ಜಿ ಇದ್ದಿದ್ರೆ ಆ ಮನುಷ್ಯನ ಗತಿ ಬೇರೆ ಇರ್ತಿತ್ತು. ನಾನು ಹಲ್ಲು ಕಿರಿದೆ. "ಅದು ಅಂದಾಜಿಗೆ ಬರೆಸಿದ್ದು ಸಾರ್" ಅಂದೆ. "ಅಂದಾಜಿನ ಮೇಲೆ ಖಾತೆ ಮಾಡಕ್ಕಾಗಲ್ಲ, ಯಾವುದಾದ್ರೂ ಒಂದು ತಿದ್ದಿಸ್ಕೊಂಡು ಬನ್ನಿ" ಅಂದ್ರು. ಯಾವುದನ್ನ ಸಾರ್ ಅಂದೆ. "ಆಧಾರ್ ತಿದ್ದಿಸಿ." ಅಜ್ಜಿ ತೀರ್ಕೊಂಡಿದ್ದಾರೆ ಸಾರ್, ಅದಕ್ಕೇ ಅಲ್ವಾ ನಾನು ಇಲ್ಲಿ ಬಂದಿರೋದು. ಅವರು ಒಂದು ನಿಮಿಷ ಯೋಚನೆ ಮಾಡಿ, ಬಹಳ ಬೇಜಾರಿನಿಂದ ಅಂದ್ರು, "ಹಾಗಾದ್ರೆ ಕಷ್ಟ. ತಿದ್ದೋಕೆ ಅವರ ಬೆರಳೇ ಬೇಕಲ್ಲ."

ಬೆರಳು! ಅಜ್ಜಿ ಬದುಕಿದ್ದಾಗಲೇ ಆ ಬೆರಳು ಯಾವ ಮಷೀನಿಗೂ ಒಪ್ಪಿಗೆ ಆಗಿರಲಿಲ್ಲ. ಜೀವನ ಪೂರ್ತಿ ರಾಗಿ ಬೀಸಿ, ಕಳೆ ಕಿತ್ತು, ಕೊಟ್ಟಿಗೆ ಬಾಚಿ, ಬೂದೀಲಿ ಪಾತ್ರೆ ತಿಕ್ಕಿ ಹೆಬ್ಬೆರಳ ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು. ರೇಷನ್ ಅಂಗಡೀಲಿ ಪ್ರತಿ ತಿಂಗಳೂ ಅದೇ ಕಥೆ. ಅಂಗಡಿಯವನು ಒರೆಸಿ ಇಡಿ ಅನ್ನೋನು, ಎಣ್ಣೆ ಹಚ್ಚಿ ಇಡಿ ಅನ್ನೋನು, ತೋರುಬೆರಳು ಇಡಿ, ಎಡಗೈ ಇಡಿ ಅನ್ನೋನು. ಕೊನೆಗೆ ಅಜ್ಜಿ ಹತ್ತೂ ಬೆರಳನ್ನ ಅವನ ಮುಖದ ಮುಂದೆ ಹಿಡಿದು, "ಇನ್ನು ಕಾಲಿಂದು ಉಳ್ದವೆ, ಅದ್ನೂ ಇಕ್ಲಾ?" ಅಂತ ಕೇಳಿದ್ದಕ್ಕೆ ಅವನು ಅವತ್ತು ಹೊಲಿಗೆ ಬಿಚ್ಚಿ ಹೊಸ ಮೂಟೆಯಿಂದಲೇ ಅಕ್ಕಿ ಅಳೆದು ಕೊಟ್ಟ ಅಂತ ನಮ್ಮತ್ತೆ ಈಗಲೂ ಹೇಳ್ತಾರೆ.

ಇಷ್ಟಕ್ಕೂ ಈ 1940 ಎಲ್ಲಿಂದ ಬಂತು ಅಂದ್ರೆ, ಊರಿನ ಶಾಲೇಲಿ ಆಧಾರ್ ಕ್ಯಾಂಪ್ ಹಾಕಿದ್ದಾಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಹುಡುಗ ಕೇಳಿದ, ಅಜ್ಜಿ ಹುಟ್ಟಿದ ದಿನ ಹೇಳಿ. ಅಜ್ಜಿ, "ಮಂಗಳವಾರ." ತಿಂಗಳು? "ಆರಿದ್ರಾ ಮಳೆ ಹೊಯ್ತಿತ್ತಂತೆ." ಅಜ್ಜಿ, ವರ್ಷ ಹೇಳಿ ವರ್ಷ. "ನಮ್ಮಪ್ಪನ ಜೋಡೆತ್ತು ಸತ್ತ ವರ್ಷ." ಪಾಪ ಹುಡುಗ, ಹಿಂದೆ ಅರ್ಧ ಊರು ನಿಂತಿದೆ, ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲ, ಅಜ್ಜಿ ಮುಖ ಒಂದ್ಸಲ ನೋಡಿ "ಎಪ್ಪತ್ತೆರಡು ಹಾಕ್ಲಾ?" ಅಂದ. ಅಜ್ಜಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಅವನ ತಲೆ ಸವರಿ, ಸಂಚಿಯಿಂದ ಎಲೆ ಅಡಿಕೆ ತೆಗೆದು ಕೊಟ್ಲು. ಸುಣ್ಣ ಹಚ್ಚಿ, ತೊಟ್ಟು ಮುರಿದು, ಸರಿಯಾಗಿ ಮಡಚಿ. ಅವನು ಮರ್ಯಾದೆಗೆ ಬಾಯಿಗೆ ಹಾಕ್ಕೊಂಡ. ಅಲ್ಲಿಗೆ ಅಜ್ಜಿ ಜನವರಿ ಒಂದಕ್ಕೆ ಹುಟ್ಟಿದ್ಲು.

ದೊಡ್ಡಪ್ಪನ ಜೂನ್ ಒಂದರ ಕಥೆ ನಿಮಗೆ ಹೇಳೋದೇ ಬೇಡ. ನಮ್ಮ ಕಡೆ ಹಳೇ ತಲೆಗಳು ಅರ್ಧಕ್ಕರ್ಧ ಜೂನ್ ಒಂದಕ್ಕೇ ಹುಟ್ಟಿರೋದು. ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅಂತ ಮೇಷ್ಟ್ರು ಅಂತಿದ್ರು, ಮುಟ್ಟಿದ್ರೆ ಶಾಲೆಗೆ ಸೇರಿಸ್ಕೊಳ್ತಿದ್ರು, ಶಾಲೆ ಶುರುವಾಗೋ ಹೊತ್ತಿಗೆ ಸರಿ ಹೋಗೋ ಹಂಗೆ ಒಂದು ತಾರೀಕು ಬರೀತಿದ್ರು. ದೊಡ್ಡಪ್ಪನಿಗೆ ಕೈ ಸ್ವಲ್ಪ ಉದ್ದ. ಅದಕ್ಕೇ ನಂಗೆ ಎರಡು ವರ್ಷ ಮೊದಲೇ ಕಿವಿ ಸಿಕ್ಬಿಡ್ತು ಅಂತ ಅವರ ವಾದ. 58ಕ್ಕೆ ರಿಟೈರ್ ಆದ್ರು, ಆಮೇಲೆ 2008ರಲ್ಲಿ ಸರ್ಕಾರ ಅರವತ್ತು ಮಾಡ್ತು, ಆ ಸಂಕಟ ಇವತ್ತಿಗೂ ಹೋಗಿಲ್ಲ. ಹಾಗಾದ್ರೆ ನಿಮ್ಮದನ್ನೇ ತಿದ್ದಿಸೋಣ್ವಾ ದೊಡ್ಡಪ್ಪ ಅಂದಿದ್ದಕ್ಕೆ, "ಏಯ್, ಪೆನ್ಷನ್‌ಗೆ ಕಲ್ಲು ಹಾಕ್ತೀಯೇನೋ!" ಅಂತ ಕಿರುಚಿ ಫೋನಿಟ್ರು.

ನನ್ನ ಸಿಟ್ಟು ಇರೋದು ಕಚೇರಿ ಮೇಲೂ ಅಲ್ಲ, ದೊಡ್ಡಪ್ಪನ ಮೇಲೂ ಅಲ್ಲ. ಅಜ್ಜಿ ಮೇಲೇ. ಯಾಕಂದ್ರೆ ಅವಳಿಗೆ ವಯಸ್ಸು ಅನ್ನೋದು ಸೆರಗಿದ್ದ ಹಾಗೆ, ಬೇಕಾದಾಗ ತಲೆ ಮೇಲೆ ಹೊದ್ಕೊಳೋಳು, ಬೇಡದಾಗ ಸೊಂಟಕ್ಕೆ ಸಿಕ್ಕಿಸ್ಕೊಳೋಳು.

ಬಸ್ಸಲ್ಲಿ ಅವಳಿಗೆ ನೂರಾ ಎರಡು. ಹತ್ತಿದ ತಕ್ಷಣ, ಯಾರನ್ನೂ ನೋಡದೆ, ಬಸ್ಸಿನ ಚಾವಣಿಗೆ ಹೇಳೋ ಥರ, "ನೂರೆಲ್ಡಾಯ್ತು ಕಣವ್ವ ನಂಗೆ, ನಿಂತ್ಕಂಡ್ರೆ ಪಿರಾಣ ಹೋಯ್ತದೆ" ಅನ್ನೋಳು. ಕಾಲೇಜು ಹುಡುಗೀರು ದಡಬಡ ಎದ್ದು ಸೀಟು ಬಿಡೋವು. ಕೂತ ಮೇಲೆ ಪಕ್ಕದವಳ ಹತ್ರ ಮಾತು ಶುರು ಆಗ್ತಿತ್ತು, ಇಳಿಯೋ ಹೊತ್ತಿಗೆ ವಯಸ್ಸು ಎಂಬತ್ತಕ್ಕೆ ಬಂದಿರ್ತಿತ್ತು. ಶಕ್ತಿ ಯೋಜನೆ ಬಂದ ಮೇಲೆ ಕಂಡಕ್ಟರು ಆಧಾರ್ ತೋರ್ಸಿ ಅಂದ್ರೆ ಮಾತ್ರ ತೊಂದರೆ. ಅದರಲ್ಲಿ ಎಂಬತ್ತಮೂರು, ಬಾಯಲ್ಲಿ ನೂರೆರಡು. ಒಬ್ಬ ಕಂಡಕ್ಟರು ಲೆಕ್ಕ ಹಾಕಿ ಕೇಳೇಬಿಟ್ಟ. "ಅದು ಕಾರ್ಡಿನ ವಯಸ್ಸು ಕಣಪ್ಪ, ನಂದಲ್ಲ" ಅಂದ್ಲು.

ಡಾಕ್ಟರ ಹತ್ರ ಹೋದ್ರೆ ಎಪ್ಪತ್ತು. ಯಾಕಜ್ಜಿ ಅಂದ್ರೆ, "ಜಾಸ್ತಿ ಹೇಳುದ್ರೆ ಅವ್ನು ವಯಸ್ಸಾಯ್ತು ಬುಡಿ ಅಂದು ಕಳುಸ್ಬುಡ್ತಾನೆ ಕನ್ಲಾ, ಸೂಜಿ ಹಾಕಲ್ಲ." ಇದು ನೂರಕ್ಕೆ ನೂರು ನಿಜ, ನಮ್ಮ ಕಡೆ ವಯಸ್ಸಾದೋರ ಮುಕ್ಕಾಲು ಪಾಲು ಕಾಯಿಲೆಗೆ ಡಾಕ್ಟರು ಕೊಡೋ ಮದ್ದು ವಯಸ್ಸಾಯ್ತು ಅನ್ನೋ ಮಾತೇ. ಹೊಸ ಸೊಸೆ ಮನೆಗೆ ಬಂದಾಗ ತೊಂಬತ್ತು, ಅಂದ್ರೆ ಕೆಲಸ ಮಾಡಲ್ಲ ಅಂತ. ಆ ಸೊಸೆ ಮಾಡಿದ ಮುದ್ದೇಲಿ ಗಂಟು ಸಿಕ್ಕಿದ್ರೆ ಅರವತ್ತು, ಸೀದಾ ಒಲೆ ಮುಂದೆ ಹೋಗಿ ಹಿಟ್ಟಿನ ಕೋಲು ಕಿತ್ಕೊಂಡು ತಾನೇ ತೊಳಸೋಳು.

ಓಟಿನದ್ದು ಹೇಳ್ಲೇಬೇಕು. 2023ರ ವಿಧಾನಸಭೆ ಎಲೆಕ್ಷನ್ನಿಗೆ ಎಂಬತ್ತು ದಾಟಿದೋರಿಗೆ ಮನೇಲೇ ಓಟು ಹಾಕೋ ವ್ಯವಸ್ಥೆ ಮಾಡಿದ್ರಲ್ಲ, ಚಿಕ್ಕಪ್ಪ ಫಾರಂ ತುಂಬಿಸಿದ್ರು. ಅಧಿಕಾರಿಗಳು ಬಂದ್ರು, ಪೋಲಿಸ್ನೋರು ಬಂದ್ರು, ವಿಡಿಯೋ ಮಾಡೋನೂ ಬಂದ. ಅಜ್ಜಿ ಓಟೇನೋ ಹಾಕಿದ್ಲು, ಆದರೆ ವಾರಗಟ್ಲೆ ಮುಖ ಊದಿಸ್ಕೊಂಡಿದ್ಲು. ಹೊಸ ಸೀರೆ ಉಟ್ಟು ಬೀದಿ ತುಂಬಾ ಮಾತಾಡಿಸ್ಕೊಂಡು ಶಾಲೆ ತನಕ ಹೋಗೋದು ಓಟು, ಬಾಗಿಲು ಹಾಕ್ಕೊಂಡು ಹಾಕೋದು ಯಾವ ಓಟು ಅಂತ. 2024ರ ಲೋಕಸಭೆಗೆ ಆ ಮಿತೀನ ಎಂಬತ್ತೈದಕ್ಕೆ ಏರಿಸಿದ್ರು. ಅಜ್ಜಿಗೆ ಕಾರ್ಡಿನ ಪ್ರಕಾರ ಎಂಬತ್ತನಾಲ್ಕು. ಹೋದ ವರ್ಷ ಮುದುಕಿಯಾಗಿದ್ದೋಳು ಈ ವರ್ಷ ಇನ್ನೂ ಮುದುಕಿ ಆಗಿಲ್ಲ. ಅಷ್ಟು ಖುಷಿಯಾಗಿ ಅವಳನ್ನ ನಾನು ನೋಡೇ ಇಲ್ಲ. ಮಗ್ಗದ ಸೀರೆ ಉಟ್ಟು, ನನ್ನ ತೋಳು ಹಿಡ್ಕೊಂಡು ಶಾಲೆಗೆ ಹೋದ್ಲು, ಗೇಟು ದಾಟ್ತಿದ್ದ ಹಾಗೇ "ನೂರೆಲ್ಡಾಯ್ತು ಕಣಪ್ಪ" ಅಂತ ಶುರು ಮಾಡಿ ಸಾಲು ಪೂರ್ತಿ ಸೀಳ್ಕೊಂಡು ಮುಂದೆ ಹೋಗಿ ನಿಂತ್ಲು.

ಆದರೆ ಅಸಲಿ ಪಂದ್ಯ ನಡೀತಿದ್ದಿದ್ದು ಎದುರು ಮನೆ ಅಜ್ಜಿ ಜೊತೆ. ಇಬ್ಬರೂ ಆ ಊರಿಗೆ ಸೊಸೆಯಾಗಿ ಬಂದೋರು, ಇಬ್ಬರೂ ಜಗಲಿ ಮೇಲೆ ಎದುರಾ ಬದುರಾ ಕೂರೋರು, ಮಧ್ಯೆ ಸಿಮೆಂಟು ರಸ್ತೆ. ಇವರ ಪೈಪೋಟಿ ನಿಯಮ ಮಾತ್ರ ನಂಗೆ ಕೊನೇವರೆಗೂ ಅರ್ಥ ಆಗಲಿಲ್ಲ. ವಯಸ್ಸಲ್ಲಿ ತಾನು ಚಿಕ್ಕೋಳಾಗಿರಬೇಕು, ಆದರೆ ಎಲ್ಲವನ್ನೂ ತಾನೇ ಮೊದಲು ನೋಡಿರಬೇಕು. "ನಾನು ಲಂಗ ಹಾಕಿದ್ದಾಗ್ಲೇ ಅವ್ಳು ಸೀರೆ ಉಡ್ತಿದ್ಲು" ಅಂತ ನಮ್ಮಜ್ಜಿ. "ಅವ್ಳ ಮದ್ವೇಲಿ ನಾನು ಎತ್ಕಂಡ ಕೂಸು" ಅಂತ ಅವರು. ಅದೇ ಉಸಿರಲ್ಲಿ ನಮ್ಮಜ್ಜಿ, "ಗಾಂಧಿ ಮಹಾತ್ಮನ್ನ ನಾನು ನಮ್ಮಪ್ಪನ ಹೆಗಲ ಮೇಲೆ ಕೂತ್ಕಂಡು ನೋಡಿವ್ನಿ, ಅವ್ಳು ನೋಡಿಲ್ಲ." ಆ ಕಡೆಯಿಂದ, "ನಾನು ಯಾಕೆ ನೋಡಿಲ್ಲ? ನಾನು ನಿಂತ್ಕಂಡೇ ನೋಡಿವ್ನಿ." ನಿಂತ್ಕಂಡು ನೋಡಿದ್ರೆ ನೀನೇ ದೊಡ್ಡೋಳಲ್ವಾ! ನಮ್ಮಜ್ಜಿ ತೊಡೆ ತಟ್ಟಿ ನಕ್ಕಿದ್ದು ಮೂರನೇ ಮನೆಗೂ ಕೇಳಿಸ್ತಂತೆ, ಎದುರು ಮನೆಯವರು ಎದ್ದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡವರು ಸಂಜೆ ಎಮ್ಮೆ ಹಾಲು ಕರೆಯೋಕೇ ಹೊರಗೆ ಬಂದಿದ್ದು.

ಈ ಗಾಂಧಿ ಮಹಾತ್ಮರೇ ಈಗ ನಮ್ಮ ಮನೆ ವಾಟ್ಸಾಪ್ ಗ್ರೂಪಿಗೆ ಬೆಂಕಿ ಹಚ್ಚಿರೋದು. ವರ್ಷದ ತಿಥಿ ಹತ್ರ ಬಂತು, ಊರ ಬಾಗಿಲಲ್ಲಿ ಒಂದು ಫ್ಲೆಕ್ಸ್ ಹಾಕಿಸ್ಬೇಕು, ಅದರಲ್ಲಿ ವಯಸ್ಸು ಎಷ್ಟು ಅಂತ ಹಾಕಿಸೋದು? ಗಾಂಧೀಜಿ ಮೈಸೂರು ಸೀಮೆಗೆ 1927ರಲ್ಲೂ ಬಂದಿದ್ರು, 1934ರಲ್ಲೂ ಬಂದಿದ್ರು. ಅಜ್ಜಿ ನೋಡಿದ್ದು 27ರಲ್ಲೇ ಅಂತ ಚಿಕ್ಕಪ್ಪ. ಹೆಗಲ ಮೇಲೆ ಕೂರೋ ಮಗು ಅಂದ್ರೆ ಮೂರು ವರ್ಷ, ಹಾಗಾಗಿ ಹುಟ್ಟಿದ್ದು 1924, ಹಾಗಾಗಿ ನೂರು ತುಂಬಿತ್ತು, ಹಾಗಾಗಿ ಫ್ಲೆಕ್ಸಲ್ಲಿ ಶತಾಯುಷಿ ಅಂತ ಹಾಕಲೇಬೇಕು. ದೊಡ್ಡಪ್ಪ ಒಪ್ಪಲ್ಲ. ಅವರ ಹತ್ರ ಮಹಾರಾಜರಿದ್ದಾರೆ. ನಾಲ್ವಡಿಯವರು ಹೋಗಿದ್ದು 1940ರ ಆಗಸ್ಟಲ್ಲಿ, ಆ ಸುದ್ದಿ ಬಂದಾಗ ಅವ್ವ ಇನ್ನೂ ತವರಲ್ಲಿ ಕುಂಟೆಬಿಲ್ಲೆ ಆಡ್ತಿದ್ಲಂತೆ, ಆಟ ನಿಲ್ಸಿ ಅಂತ ದೊಡ್ಡೋರು ಬೈದ್ರಂತೆ, ಹದಿನಾರು ವರ್ಷದೋಳನ್ನ ಆ ಕಾಲದಲ್ಲಿ ಕುಂಟೆಬಿಲ್ಲೆ ಆಡೋಕೆ ಬಿಡ್ತಿದ್ರಾ? ಅದಕ್ಕೇ 1930, ಪ್ರಮೋದೂತ ಸಂವತ್ಸರ. ಮದುವೆ ಯುದ್ಧದ ಟೈಮಲ್ಲಿ, ಕಂಟ್ರೋಲು, ಸಕ್ಕರೆ ಸಿಗದೆ ಎಲ್ಲಕ್ಕೂ ಬೆಲ್ಲವೇ. ನೋಡಿ, ಇದೆಲ್ಲ ಕೂಡಿಸಿದ್ರೆ ದೊಡ್ಡಪ್ಪನ ಲೆಕ್ಕವೇ ಸರಿ ಅಂತ ನಂಗನ್ಸತ್ತೆ, ಆದರೆ ಗ್ರೂಪಲ್ಲಿ ಹೇಳಿಲ್ಲ. ಚಿಕ್ಕಪ್ಪ ಹಿಂದೆ ವಕೀಲರೊಬ್ಬರ ಹತ್ರ ಗುಮಾಸ್ತರಾಗಿದ್ದವರು, ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಹಾಕ್ತಾರೆ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಮಾಡಬಾರದು ಅಂತ ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ಮಾಡಿತ್ತು, ನಿಮ್ಮ ಆಧಾರ್ ಪ್ರಕಾರ ನಮ್ಮಪ್ಪನ್ನ ಜೈಲಿಗೆ ಹಾಕಬೇಕಾಗತ್ತೆ, ಅಂತ. ಅದಕ್ಕೆ ದುಬೈನಲ್ಲಿರೋ ಕಸಿನ್ ಒಬ್ಬ ಪೂರ್ತಿ ಕೇಳದೆ ಕೈ ಮುಗಿಯೋ ಇಮೋಜಿ ಹಾಕಿದಾನೆ.

ಇದೆಲ್ಲದರ ನಡುವೆ ವಂಶವೃಕ್ಷದ ಫಾರಂ ತುಂಬೋಕೆ ಕೂತೆ. ಮೇಲೆ ತಾತ, ಅಜ್ಜಿ, ಕೆಳಗೆ ಗೆರೆ ಎಳೆದು ಮಕ್ಕಳು. ದೊಡ್ಡಪ್ಪ, ಅತ್ತೆ, ನಮ್ಮಪ್ಪ, ಚಿಕ್ಕಪ್ಪ, ಚಿಕ್ಕತ್ತೆ. ಐದು. ಬರೆದು ಮುಗಿಸಿ ಅತ್ತೆಗೆ ತೋರಿಸಿದೆ. ಅತ್ತೆ ಬಹಳ ಹೊತ್ತು ನೋಡಿ, "ಅವ್ವ ಏಳು ಅಂತಿದ್ಲು" ಅಂದ್ರು.

ಹೌದು, ಅಂತಿದ್ಲು. ಯಾರು ಕೇಳಿದ್ರೂ ಏಳು ಅಂತಿದ್ಲು. ದೊಡ್ಡಪ್ಪನಿಗಿಂತ ಮೊದಲು ಒಂದು, ಅತ್ತೆ ಆದ ಮೇಲೆ ಒಂದು, ಎರಡೂ ಹೆಸರಿಡೋ ಮೊದಲೇ ಹೋದವು. ಅವಳ ವಯಸ್ಸು ದಿನಕ್ಕೆ ನಾಲ್ಕು ಸಲ ಬದಲಾದ್ರೂ ಈ ಏಳು ಮಾತ್ರ ಒಂದು ದಿನವೂ ಆರಾಗಲಿಲ್ಲ, ಐದಾಗಲಿಲ್ಲ. ನಾವು ಚಿಕ್ಕೋರಿದ್ದಾಗ ಅಜ್ಜಿಗೆ ಲೆಕ್ಕ ಬರಲ್ಲ ಅಂತ ನಗ್ತಿದ್ವಿ, ಅವಳೂ ನಗ್ತಿದ್ಲು. ಮಹಾಲಯಕ್ಕೆ ಎಡೆ ಇಡೋವಾಗ ತಾತನ ಎಲೆ ಪಕ್ಕ ಎರಡು ಪುಟ್ಟ ಬಾಳೆ ಸುಳಿ ಇಟ್ಟು, ಒಂದೊಂದಕ್ಕೂ ಒಂದು ಚಮಚ ಪಾಯಸ, ಉಪ್ಪು ಖಾರ ಏನೂ ಇಲ್ಲ, ಬರೀ ಪಾಯಸ. ಅದ್ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅತ್ತೆ ಫಾರಂ ವಾಪಸ್ ಕೊಡ್ತಾ, "ಹೆಸ್ರಿಲ್ದೋರನ್ನ ಅದ್ರಲ್ಲಿ ಬರ್ಯಕ್ಕೆ ಬತ್ತದಾ?" ಅಂದ್ರು. ಬರಲ್ಲ ಅತ್ತೆ, ಹೆಸರಿನ ಕಾಲಂ ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ ಅಂದೆ. ಅವರು ಸುಮ್ನಾದ್ರು. ಆಮೇಲೆ ಕಾಫಿ ಕುಡೀತೀಯಾ ಅಂದ್ರು.

ಕೊನೆಗೆ ಕಚೇರಿಯವರೇ ಒಂದು ದಾರಿ ಹೇಳಿದ್ರು. ಊರಲ್ಲಿ ವಯಸ್ಸಾದೋರು ಯಾರಾದ್ರೂ ಇದ್ರೆ ಮಹಜರಿನಲ್ಲಿ ಹೇಳಿಕೆ ಬರೆಸಿ, ಇವರ ವಯಸ್ಸು ಇಷ್ಟಿತ್ತು, ನಾವು ಬಲ್ಲೆವು ಅಂತ, ಅಫಿಡವಿಟ್ ಜೊತೆ ಅದನ್ನೂ ಇಡೋಣ ಅಂದ್ರು. ಊರಲ್ಲಿ ಅಜ್ಜಿ ವಯಸ್ಸು ಬಲ್ಲಂಥ ವಯಸ್ಸಾದೋರು ಅಂತ ಉಳಿದಿರೋದು ಒಬ್ಬರೇ. ಯಾರು ಅಂತ ನಿಮಗೆ ಗೊತ್ತಾಯ್ತು.

ಹೋದ ಶನಿವಾರ ಜಗಲಿ ಮೇಲೆ ಅವರ ಮುಂದೆ ಕಾಗದ ಪೆನ್ನು ಹಿಡಿದು ಕೂತೆ. ಎದುರಿಗೆ ನಮ್ಮ ಜಗಲಿ ಖಾಲಿ. ಅಜ್ಜಿ, ನಮ್ಮಜ್ಜಿಗೆ ಎಷ್ಟು ವಯಸ್ಸಾಗಿತ್ತು ಅಂತ ಹೇಳ್ಬೇಕು ಅಂದೆ. ಕಾದು ಕೂತಿದ್ದೋರ ಥರ ಅಂದ್ರು, "ಅವ್ಳಾ? ನನಗಿಂತ ಹತ್ತು ವರ್ಸಕ್ಕೆ ದೊಡ್ಡೋಳು." ಸರಿ, ನಿಮಗೆಷ್ಟು? "ಎಪ್ಪತ್ತು." ಪಕ್ಕದಲ್ಲಿ ಅವರ ದೊಡ್ಡ ಮಗ ಬೀಡಿ ಸೇದ್ತಾ ಕೂತಿದ್ರು, ಅವರಿಗೇ ಎಪ್ಪತ್ತು ದಾಟಿದೆ. ಅವರು ಹೊಗೆ ಬಿಟ್ಟು ಆ ಕಡೆ ಮುಖ ತಿರುಗಿಸ್ಕೊಂಡ್ರು.

ಸಾಕ್ಷಿ ಹಾಕೋರ ಆಧಾರ್ ಜೆರಾಕ್ಸೂ ಬೇಕಲ್ಲ. ಕಾರ್ಡ್ ಕೊಡಿ ಅಜ್ಜಿ ಅಂದೆ. ಸಂಚಿಯಿಂದ, ಎಲೆ ಅಡಿಕೆ ಜೊತೆ ಮಡಚಿಟ್ಟಿದ್ದನ್ನ ತೆಗೆದುಕೊಟ್ರು. ತಿರುಗಿಸಿ ನೋಡಿದೆ. 01-01-1940. ಅದೇ ಶಾಲೆ, ಅದೇ ಕ್ಯಾಂಪು, ಅದೇ ಹುಡುಗ, ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ, ಅವನು ಎಪ್ಪತ್ತೆರಡನ್ನ ಬದಲಾಯಿಸೋ ಗೋಜಿಗೇ ಹೋಗಿಲ್ಲ. ಅಜ್ಜಿ, ನೀವಿಬ್ರೂ ಒಂದೇ ದಿನ ಹುಟ್ಟಿದೋರು ಕಣಜ್ಜಿ ಅಂದೆ, ತಡ್ಕೊಳಕ್ಕಾಗಲಿಲ್ಲ.

"ಯಾವನ್ಲಾ ಹೇಳ್ದೋನು?"

ಕಾರ್ಡಲ್ಲಿ ಹಂಗಿದೆ.

ಅವರು ಕಾರ್ಡು ಕಿತ್ಕೊಂಡು ಕಣ್ಣಿಗೆ ಹತ್ರ ಹಿಡಿದು ನೋಡಿದ್ರು, ಓದೋಕೆ ಬರಲ್ಲ ಆದ್ರೂ ನೋಡಿದ್ರು, ಎದುರು ಜಗಲಿ ಕಡೆ ಒಂದ್ಸಲ ನೋಡಿದ್ರು. "ಹೋಗೋವಾಗ್ಲೂ ನನ್ನ ತನ್ನ ಸಮಕ್ಕೆ ಎಳ್ಕಂಡ್ಲಾ ಈ ಮುಂಡೆ" ಅಂತ ಸೆರಗಲ್ಲಿ ಮೂಗು ಒರೆಸ್ಕೊಂಡ್ರು. ಆಮೇಲೆ, ಅದನ್ನ ತಿದ್ದಿಸೋದು ಹೆಂಗೆ ಅಂತ ಕೇಳಿದ್ರು. ಕಷ್ಟ ಅಜ್ಜಿ, ಅದಕ್ಕೆ ಬೆರಳು ಬೇಕು ಅಂದೆ. ಹತ್ತೂ ಬೆರಳು ನನ್ನ ಮುಖದ ಮುಂದೆ ಹಿಡಿದ್ರು. ಹೆಬ್ಬೆರಳಲ್ಲಿ ಗೆರೆ ಒಂದೂ ಕಾಣ್ತಿರಲಿಲ್ಲ. "ನಡಿ, ಗಾಡಿ ತೆಗಿ, ಈಗ್ಲೇ ಹೋಗುವ." ಇವತ್ತು ಶನಿವಾರ, ಮಧ್ಯಾಹ್ನ ಆಯ್ತು, ಸೆಂಟರ್ ಮುಚ್ಚಿರ್ತಾರೆ ಅಜ್ಜಿ ಅಂದಿದ್ದಕ್ಕೆ ಸೋಮವಾರ ಬೆಳಿಗ್ಗೆ ರೆಡಿ ಇರ್ತೀನಿ ಅಂದ್ರು. ಎಷ್ಟು ವಯಸ್ಸು ಬರೆಸ್ಬೇಕು ಅಂದೆ.

"ಅವ್ಳಿಗಿಂತ ಒಂದಿನ ಕಮ್ಮಿ ಬರ್ಸು, ಸಾಕು."